ವಾಷರ್ ಸಿಗುತ್ತೇನೋ?

ನಾನು ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾದಲ್ಲಿದ್ದ ಎರಡು ವರ್ಷದಲ್ಲಿ ಹತ್ತಿಸಿಕೊಂಡ ಚಟಗಳಲ್ಲಿ ಗ್ಯಾರೇಜ್ ಸೇಲ್ ಒಂದು. ಶನಿವಾರ ಬೆಳಗ್ಗೆ ಎದ್ದು ಬೀದಿ ಬೀದಿ ಸುತ್ತೋದು, ಯಾರದೋ ಮನೆ ಮುಂದೆ ಟೇಬಲ್ ಮೇಲೆ ಹರಡಿಟ್ಟ ಹಳೇ ಸಾಮಾನು ತಿರುಗಿಸಿ ನೋಡೋದು, ಬೇಕೋ ಬೇಡವೋ ಒಂದನ್ನು ಹಿಡಿದುಕೊಂಡು ರೂಮಿಗೆ ಬರೋದು. ಹೀಗೆ ಒಂದು ಶನಿವಾರ ಎಪ್ಪತ್ತು ದಾಟಿದ ಅಜ್ಜ ಒಬ್ಬರ ಮನೆ ಮುಂದೆ ದೊಡ್ಡ ಬಲೆ ಚೀಲವೊಂದು ಕಂಡಿತು. ಒಳಗೆ ಸ್ಕೂಬಾ ಡೈವಿಂಗಿನ ಪೂರಾ ಸೆಟ್ಟು: ರೆಗ್ಯುಲೇಟರ್, ಗಾಳಿ ತುಂಬುವ ಜಾಕೆಟ್, ಕಪ್ಪು ರಬ್ಬರಿನ ಮಾಸ್ಕ್, ಕಾಲಿಗೆ ಹಾಕುವ ಫಿನ್. ಪಕ್ಕದಲ್ಲಿ ಹಳದಿ ಬಣ್ಣದ ಅಲ್ಯೂಮಿನಿಯಂ ಸಿಲಿಂಡರ್. ಎಲ್ಲಾ ಸೇರಿ 60 ಡಾಲರ್. "ಮಂಡಿ ಹೋಯ್ತು, ಇನ್ನು ನನ್ನ ಕೈಲಾಗಲ್ಲ" ಅಂದರು ಅಜ್ಜ. ನಾನು ಚೌಕಾಸಿ ಕೂಡ ಮಾಡಲಿಲ್ಲ.

ನನಗೆ ನೀರಿನ ಹುಚ್ಚು ಮೊದಲಿಂದಲೂ ಇತ್ತು. ತಿಪಟೂರು ಕಡೆಯ ಹಳ್ಳಿಯವನು ನಾನು. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು. ಬೋರ್‌ವೆಲ್ ಬಂದು ಬಾವಿಗಳು ಒಣಗಿದ ಮೇಲೆ ಆ ಹುಚ್ಚು ಕೆಲವು ವರ್ಷ ಮಲಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಟೀಮ್ ಔಟಿಂಗ್ ನೆಪದಲ್ಲಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಪಕ್ಕ ಮೊದಲ ಸಲ ನೀರಿನೊಳಗೆ ಉಸಿರಾಡಿದೆ. ಅಲ್ಲಿಗೆ ಮುಗೀತು. ಅಮೆರಿಕಕ್ಕೆ ಹೋದ ಮೇಲೆ ಕೋರ್ಸ್ ಮಾಡಿ ಸರ್ಟಿಫಿಕೇಟನ್ನೂ ತಗೊಂಡೆ. ಸ್ವಂತ ಸಾಮಾನು ಮಾತ್ರ ಇರಲಿಲ್ಲ. ಹೊಸ ಸೆಟ್ಟಿನ ಬೆಲೆ ಕೇಳಿದರೆ ಊರಲ್ಲಿ ಒಂದು ಬೋರ್ ಕೊರೆಸಬಹುದಿತ್ತು.

ಚೀಲ ತಂದ ವಾರವೇ ಒಂದು ದಡ್ಡತನ ಮಾಡಿದೆ. ಸಹೋದ್ಯೋಗಿಯೊಬ್ಬನ ಮನೆ ಹಿತ್ತಿಲಲ್ಲಿ ಈಜುಕೊಳ ಇತ್ತು, ಅವನ ಹತ್ತಿರ ತುಂಬಿದ ಸಿಲಿಂಡರೂ ಇತ್ತು. ನನ್ನ ರೆಗ್ಯುಲೇಟರನ್ನು ಅದಕ್ಕೆ ಸಿಕ್ಕಿಸಿ ಎಂಟು ಅಡಿ ನೀರಲ್ಲಿ ಕೂತು ಇಪ್ಪತ್ತು ನಿಮಿಷ ಉಸಿರಾಡಿದೆ. ಸ್ವಲ್ಪ ಸುಯ್ಯ್ ಅನ್ನೋ ಸದ್ದು ಬಿಟ್ಟರೆ ಏನೂ ತೊಂದರೆ ಇಲ್ಲ. "ಚೆನ್ನಾಗೇ ಇದೆಯಲ್ಲ, ಸರ್ವಿಸ್ ಯಾಕೆ?" ಅಂದುಕೊಂಡೆ. ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಹೆಮ್ಮೆಯಿಂದ ಹೇಳಿದೆ. ಮೂವತ್ತು ವರ್ಷದ ಹಳೇ ಮಾಲು, ಇನ್ನೂ ಗಟ್ಟಿ ಇದೆ ಅಂತ.

ಅಪ್ಪ ಕೇಳಿದ್ದು ಒಂದೇ ಮಾತು. "ಗಟ್ಟಿ ಇರ್ಲಿ ಬಿಡು ಮಗಾ. ಅದುಕ್ಕೆ ವಾಷರ್ ಸಿಗುತ್ತೇನೋ? ಬಿಚ್ಚಿ ಕೂರ್ಸೋನು ಇದಾನೇನೋ ಅಲ್ಲಿ?"

ಅಪ್ಪ ನಲವತ್ತು ವರ್ಷದಿಂದ ಪಂಪ್‌ಸೆಟ್ ಜೊತೆ ಸಂಸಾರ ಮಾಡಿದವರು. ಮೋಟರ್ ಸುಟ್ಟರೆ ತಿಪಟೂರಿಗೆ ಒಯ್ದು ವೈಂಡಿಂಗ್ ಕಟ್ಟಿಸಬೇಕೋ, ಹೊಸದೇ ತರಬೇಕೋ ಅನ್ನೋದು ನಮ್ಮ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಚರ್ಚೆ. ಅವರು ಕೇಳಿದ್ದು ಅಭ್ಯಾಸಬಲದಿಂದ. ನನಗೆ ಮಾತ್ರ ಅದಕ್ಕೆ ಉತ್ತರ ಹುಡುಕುತ್ತಾ ಹೋಗಿ, ಈ ಸಾಮಾನಿನ ನೂರೈವತ್ತು ವರ್ಷದ ಇತಿಹಾಸವೇ ಎದುರಾಯಿತು.

ಮೊದಲು ರೆಗ್ಯುಲೇಟರ್ ಅಂದರೆ ಏನು ಅಂತ ನೋಡೋಣ. ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮೇಲೆ ಕೂತಿರೋದೂ ಅದೇ ಜಾತಿಯದು. ಸಿಲಿಂಡರಿನೊಳಗಿನ ಒತ್ತಡವನ್ನು ಇಳಿಸಿ, ಒಲೆಗೆ ಬೇಕಾದಷ್ಟೇ ಬಿಡೋದು ಅದರ ಕೆಲಸ. ಒಳಗೆ ಒಂದು ತೆಳುವಾದ ರಬ್ಬರ್ ಪರದೆ ಇರುತ್ತೆ, ಡಯಾಫ್ರಮ್ ಅಂತಾರೆ. ಸ್ಕೂಬಾದಲ್ಲಿ ಆ ಪರದೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ಸಮುದ್ರದ ನೀರು. ನೀವು ಉಸಿರೆಳೆದರೆ ಒಳಗಿನ ಒತ್ತಡ ಇಳಿದು ಪರದೆ ಒಳಕ್ಕೆ ಬಾಗುತ್ತೆ, ಒಂದು ಪುಟ್ಟ ಲಿವರನ್ನು ಒತ್ತುತ್ತೆ, ವಾಲ್ವ್ ತೆರೆದು ಗಾಳಿ ಬರುತ್ತೆ. ಎಳೆಯೋದು ನಿಲ್ಲಿಸಿದರೆ ವಾಲ್ವ್ ಮುಚ್ಚುತ್ತೆ. ಆಳಕ್ಕೆ ಹೋದಷ್ಟೂ ನೀರು ಪರದೆಯನ್ನು ಹೆಚ್ಚು ಒತ್ತುವುದರಿಂದ ಗಾಳಿಯೂ ಅಷ್ಟೇ ಒತ್ತಡದಲ್ಲಿ ಸಿಗುತ್ತೆ. 10 ಮೀಟರ್ ಆಳದಲ್ಲಿ ನಮ್ಮ ಎದೆಯ ಮೇಲಿನ ಒತ್ತಡ ನೆಲದ ಮೇಲಿನದಕ್ಕಿಂತ ಎರಡರಷ್ಟು, 20 ಮೀಟರಿನಲ್ಲಿ ಮೂರರಷ್ಟು. ಗಾಳಿಯೂ ಅದಕ್ಕೆ ಸರಿಸಮ ಬರದಿದ್ದರೆ ಉಸಿರೆಳೆಯೋಕೇ ಆಗಲ್ಲ.

ಈ ಉಪಾಯ ಹುಟ್ಟಿದ್ದು ಸಮುದ್ರಕ್ಕಾಗಿ ಅಲ್ಲ, ಗಣಿಗಾಗಿ. ಫ್ರಾನ್ಸಿನ ಎಸ್ಪಾಲಿಯೋ ಊರಿನ ಗಣಿ ಎಂಜಿನಿಯರ್ ಬೆನ್ವಾ ರೂಕೇರೋಲ್, ವಿಷಗಾಳಿ ತುಂಬಿದ ಗಣಿಯಲ್ಲಿ ಕಾರ್ಮಿಕರು ಉಸಿರಾಡಲಿ ಅಂತ 1860ರಲ್ಲಿ ಇಂಥದ್ದೊಂದು ಯಂತ್ರಕ್ಕೆ ಪೇಟೆಂಟ್ ಪಡೆದ. 1864ರಲ್ಲಿ ನೌಕಾಪಡೆಯ ಅಧಿಕಾರಿ ಆಗಸ್ಟ್ ಡೆನೆರೂಸ್ ಜೊತೆ ಸೇರಿ ಅದನ್ನೇ ಮುಳುಗುಗಾರರಿಗೆ ಹೊಂದಿಸಿದ. ಜೂಲ್ಸ್ ವರ್ನ್ ತನ್ನ ಸಮುದ್ರದಾಳದ ಕಾದಂಬರಿಯಲ್ಲಿ ನಾಯಕನ ಕೈಗೆ ಕೊಟ್ಟದ್ದು ಇದೇ ಯಂತ್ರವನ್ನು ಸ್ವಲ್ಪ ಸುಧಾರಿಸಿ. ಆದರೆ ಆ ಕಾಲದ ಲೋಹದ ಡಬ್ಬಿಗಳು ಹೆಚ್ಚು ಒತ್ತಡ ತಡೆಯುತ್ತಿರಲಿಲ್ಲ. ಹಾಗಾಗಿ ಸಾಮಾನ್ಯವಾಗಿ ದೋಣಿಯ ಮೇಲಿಂದ ಯಾರೋ ಪಂಪ್ ಹೊಡೆಯುತ್ತಲೇ ಇರಬೇಕಿತ್ತು. ವಾಲ್ವ್ ತಯಾರಾಗಿತ್ತು, ಸಿಲಿಂಡರ್ ತಯಾರಾಗಿರಲಿಲ್ಲ. ಒಳ್ಳೆಯ ಲೈಬ್ರರಿ ಬರೆದಿಟ್ಟು ಅದು ಓಡುವ ಹಾರ್ಡ್‌ವೇರಿಗಾಗಿ ಎಂಬತ್ತು ವರ್ಷ ಕಾದ ಹಾಗೆ.

ನಂತರ ಬಂದ ಬಲವಾದ ಸಿಲಿಂಡರನ್ನು 1930ರ ದಶಕದಲ್ಲಿ ಫ್ರೆಂಚ್ ನೌಕಾಪಡೆಯವನೇ ಆದ ಈವ್ ಲ ಪ್ರಿಯರ್ ಮುಳುಗುಗಾರರ ಮೈಗೆ ಕಟ್ಟಿದ. ಅವನ ಯಂತ್ರದಲ್ಲಿ ಡಯಾಫ್ರಮ್ಮಿನ ಉಪಾಯ ಇರಲಿಲ್ಲ. ನಲ್ಲಿ ತಿರುಗಿಸಿದ ಹಾಗೆ ಕೈಯಲ್ಲೇ ಗಾಳಿ ಬಿಟ್ಟುಕೊಳ್ಳಬೇಕು. ಗಾಳಿ ಸುಮ್ಮನೆ ಹರಿದುಹೋಗಿ ಸಿಲಿಂಡರ್ ಬೇಗ ಬರಿದಾಗುತ್ತಿತ್ತು.

ಎರಡೂ ಸೇರಿದ್ದು ಯುದ್ಧದ ಕಾಲದಲ್ಲಿ. 1942ರ ಡಿಸೆಂಬರ್, ಪ್ಯಾರಿಸ್ ಜರ್ಮನರ ಕೈಯಲ್ಲಿತ್ತು. ಪೆಟ್ರೋಲ್ ಸಿಗದೆ ಜನ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರ್ ಲಿಕ್ವೀಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾ, ಎಂಜಿನ್ನಿಗೆ ಬೇಕಾದಾಗ ಬೇಕಾದಷ್ಟೇ ಗ್ಯಾಸ್ ಬಿಡುವ ಒಂದು ಪುಟ್ಟ ವಾಲ್ವ್ ಮಾಡಿದ್ದ. ಅವನ ಹತ್ತಿರ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋ ಬಂದ. ಕುಸ್ತೋನ ಮಾವ ಅದೇ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ಭೇಟಿ ಆದದ್ದು ಹಾಗೆ. ಕುಸ್ತೋ ತನಗೆ ಬೇಕಾದದ್ದನ್ನು ವಿವರಿಸಿದಾಗ ಗಾನ್ಯಾ ಮೇಜಿನ ಮೇಲಿದ್ದ ಆ ವಾಲ್ವನ್ನೇ ತೋರಿಸಿದನಂತೆ. ಕಾರಿನ ಎಂಜಿನ್ ಎಳೆದಾಗ ಗ್ಯಾಸ್ ಬರುತ್ತೆ, ಮನುಷ್ಯ ಎಳೆದಾಗ ಗಾಳಿ ಬರಲಿ. ಅಷ್ಟೇ ವ್ಯತ್ಯಾಸ.

ಕೆಲವು ವಾರದಲ್ಲೇ ಮಾರ್ನ್ ನದಿಯ ತಣ್ಣೀರಲ್ಲಿ ಮೊದಲ ಪರೀಕ್ಷೆ. ಅಡ್ಡಡ್ಡ ಈಜುವಾಗ ಸರಿ. ನೆಟ್ಟಗೆ ನಿಂತರೆ ಗಾಳಿ ಬುಳುಬುಳು ಸೋರಿಹೋಗುತ್ತೆ, ತಲೆಕೆಳಗಾದರೆ ಎಳೆಯೋಕೇ ಕಷ್ಟ. ಬಗ್ ಎಲ್ಲಿದೆ ಅಂತ ಇಬ್ಬರೂ ತಲೆ ಕೆಡಿಸಿಕೊಂಡರು. ಉಸಿರು ಹೊರಹೋಗುವ ಬಾಯಿ ಒಂದು ಎತ್ತರದಲ್ಲಿ, ಡಯಾಫ್ರಮ್ ಇನ್ನೊಂದು ಎತ್ತರದಲ್ಲಿ. ನಡುವಿನ ಕೆಲವೇ ಇಂಚು ನೀರಿನ ಒತ್ತಡದ ವ್ಯತ್ಯಾಸ ಸಾಕಿತ್ತು ವಾಲ್ವಿಗೆ ಮೋಸ ಮಾಡೋಕೆ. ಹೊರಹೋಗುವ ಬಾಯಿಯನ್ನೂ ಬೆನ್ನ ಹಿಂದೆ ಡಯಾಫ್ರಮ್ಮಿನ ಪಕ್ಕಕ್ಕೇ ತಂದರು, ಸರಿಹೋಯಿತು. ಹಳೇ ಸಿನಿಮಾಗಳಲ್ಲಿ ಮುಳುಗುಗಾರರ ಬಾಯಿಯ ಎರಡೂ ಕಡೆ ದಪ್ಪ ಸುಕ್ಕುಸುಕ್ಕಿನ ಕೊಳವೆ ಇರುತ್ತಲ್ಲ, ಅದಕ್ಕೆ ಕಾರಣ ಇದೇ. ಒಂದು ಗಾಳಿ ತರೋದು, ಇನ್ನೊಂದು ಬಿಟ್ಟ ಉಸಿರನ್ನು ಬೆನ್ನ ಹಿಂದಕ್ಕೆ ವಾಪಸ್ ಒಯ್ಯೋದು. 1943ರ ಬೇಸಿಗೆಯಲ್ಲಿ ಕುಸ್ತೋ ಅದನ್ನು ಮೆಡಿಟರೇನಿಯನ್ ತೀರದ ಬಾಂದೋಲ್‌ನಲ್ಲಿ ಕಟ್ಟಿಕೊಂಡು ಇಳಿದ. ಯುದ್ಧ ಮುಗಿದ ಮೇಲೆ 'ಆಕ್ವಾ-ಲಂಗ್' ಅನ್ನೋ ಹೆಸರಲ್ಲಿ ಅದು ಮಾರುಕಟ್ಟೆಗೆ ಬಂತು, ಕ್ಯಾಲಿಫೋರ್ನಿಯಾದಲ್ಲೂ ಸಿಗತೊಡಗಿತು.

ಎರಡು ಕೊಳವೆಯ ಕಾಲ ಬಹಳ ಇರಲಿಲ್ಲ. 1952ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟೆಡ್ ಎಲ್ಡ್ರೆಡ್ ಎಂಬಾತ 'ಪೋರ್ಪಾಯ್ಸ್' ಅಂತ ಒಂದೇ ಕೊಳವೆಯ ರೆಗ್ಯುಲೇಟರ್ ಮಾರಾಟಕ್ಕಿಟ್ಟ. ಕೆಲಸವನ್ನು ಎರಡು ಹಂತ ಮಾಡಿ, ಮೊದಲ ಹಂತವನ್ನು ಸಿಲಿಂಡರಿನ ತಲೆಯಲ್ಲೂ ಎರಡನೆಯದನ್ನು ಬಾಯಲ್ಲೂ ಇಟ್ಟ. ಡಯಾಫ್ರಮ್ಮೂ ಉಸಿರು ಬಿಡುವ ಬಾಯಿಯೂ ಈಗ ತುಟಿಯ ಮುಂದೆಯೇ ಅಕ್ಕಪಕ್ಕ. ಇವತ್ತು ನೇತ್ರಾಣಿಯಲ್ಲಿ ನಿಮ್ಮ ಬಾಯಿಗೆ ಕೊಡೋದೂ ಇದೇ ಸಂಸಾರದ್ದು.

ಈಗ ನನ್ನ ಚೀಲಕ್ಕೆ ವಾಪಸ್ ಬರೋಣ. ಅದರೊಳಗಿದ್ದದ್ದು ಯು.ಎಸ್. ಡೈವರ್ಸ್ ಕಂಪನಿಯ ಕಾನ್‌ಶೆಲ್ಫ್. ಕುಸ್ತೋ 1962ರಿಂದ 1965ರವರೆಗೆ ಸಮುದ್ರದ ತಳದಲ್ಲಿ ಮನೆ ಕಟ್ಟಿ ಮನುಷ್ಯರನ್ನು ಇರಿಸಿದ ಪ್ರಯೋಗಗಳ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಅಪ್ಪನ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು, ಹಾಗಾಗಿ ಚೀಲ ಎತ್ತಿಕೊಂಡು ಹತ್ತಿರದ ಡೈವ್ ಅಂಗಡಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನನ್ನ ಕಣ್ಣೆದುರೇ ರೆಗ್ಯುಲೇಟರ್ ಬಿಚ್ಚಿದ. ಮೊದಲು ನೋಡಿದ್ದು ಗಾಳಿ ಒಳಬರುವ ಕಡೆಯ ಪುಟ್ಟ ಲೋಹದ ಫಿಲ್ಟರನ್ನು. ಅದು ಹಸಿರಾಗಿತ್ತು. ಕಂದು ಬಣ್ಣ ಇದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು ಬಂದಿದೆ ಅಂತ, ಹಸಿರಾಗಿದ್ದರೆ ನೀರು ಒಳಹೊಕ್ಕು ಹಿತ್ತಾಳೆಗೆ ಕಿಲುಬು ಹಿಡಿದಿದೆ ಅಂತ. ಆಮೇಲೆ ಎರಡನೇ ಹಂತದ ಮುಚ್ಚಳ ತೆಗೆದು ಡಯಾಫ್ರಮ್ಮನ್ನು ಬೆರಳಲ್ಲಿ ಎಳೆದ. ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು. ಇನ್ನೊಂದು ಸ್ವಲ್ಪ ಹರಿದರೆ ಗಾಳಿಯ ಬದಲು ನೀರು ಬರುತ್ತೆ. ನಾನು ಅದನ್ನೇ ಬಾಯಲ್ಲಿಟ್ಟುಕೊಂಡು ಎಂಟು ಅಡಿಯಲ್ಲಿ ಕೂತಿದ್ದೆ. ಎಂಟು ಅಡಿಯಲ್ಲಿ ಏನಾದರೂ ಆದರೆ ಥಟ್ಟನೆ ಮೇಲೆ ಬರಬಹುದು. ಎಂಬತ್ತು ಅಡಿಯಿಂದ ಹಾಗೆ ಥಟ್ಟನೆ ಮೇಲೆ ಬರೋದು ಎಲ್ಲಿ ಸಾಧ್ಯ?

"ಹಾಗಾದರೆ ಬಿಸಾಕೋದಾ?" ಅಂತ ಕೇಳಿದೆ. ಅವನು ನಕ್ಕ. ಮೈಯೆಲ್ಲ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಅದಕ್ಕೆ ಏನೂ ಆಗಿಲ್ಲ. ಕೆಟ್ಟಿರೋದು ರಬ್ಬರ್ ಮಾತ್ರ ಅಂದ. ಈ ಯಂತ್ರದ ಇತಿಹಾಸದ ಮುಖ್ಯ ಪಾಠ ಇದೇ ಅಂತ ಆಮೇಲೆ ಗೊತ್ತಾಯಿತು. ಗಾನ್ಯಾನ ಕಾಲದಿಂದ ಇವತ್ತಿನವರೆಗೆ ರೆಗ್ಯುಲೇಟರ್ ಅಂದರೆ ಹಿತ್ತಾಳೆಯ ಮೈ, ಕೆಲವು ಸ್ಪ್ರಿಂಗ್, ಒಂದು ಹಿಡಿ ರಬ್ಬರ್. ಸಿಹಿನೀರಲ್ಲಿ ತೊಳೆದಿಟ್ಟರೆ ಹಿತ್ತಾಳೆ ನಮಗಿಂತ ಜಾಸ್ತಿ ಬಾಳುತ್ತೆ. ರಬ್ಬರ್ ಮಾತ್ರ ಸುಮ್ಮನೆ ಕೂತಿದ್ದರೂ ಮುದಿಯಾಗುತ್ತೆ. 1950-60ರ ದಶಕದ ಎರಡು ಕೊಳವೆಯ ರೆಗ್ಯುಲೇಟರನ್ನು ಇವತ್ತಿಗೂ ಕಟ್ಟಿಕೊಂಡು ಮುಳುಗುವ ಹವ್ಯಾಸಿಗಳು ಇದ್ದಾರೆ. ಅವರಿಗಾಗಿ ಸಣ್ಣ ಅಂಗಡಿಗಳು ಸಿಲಿಕೋನಿನಲ್ಲಿ ಹೊಸ ಡಯಾಫ್ರಮ್, ಹೊಸ ಕೊಳವೆ ಮಾಡಿ ಮಾರುತ್ತವೆ. ಮೈ ಅಜ್ಜನ ಕಾಲದ್ದು, ರಬ್ಬರ್ ಹೋದ ವರ್ಷದ್ದು.

ಕಾನ್‌ಶೆಲ್ಫಿನ ವಿನ್ಯಾಸ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದಶಕಗಟ್ಟಲೆ ಮುಂದುವರಿದದ್ದರಿಂದ ಬಿಡಿಭಾಗ ಆರಾಮಾಗಿ ಸಿಗುತ್ತಿದ್ದವು. ಎಲ್ಲಾ ಓ-ರಿಂಗ್, ವಾಲ್ವ್ ಕೂರುವ ಸೀಟುಗಳು, ಫಿಲ್ಟರ್, ಡಯಾಫ್ರಮ್ ಹೊಸದು. ಹಿತ್ತಾಳೆಗೆ ಅಲ್ಟ್ರಾಸೋನಿಕ್ ಸ್ನಾನ. ಜೋಡಿಸಿದ ಮೇಲೆ ಗೇಜ್ ಹಾಕಿ ಮೊದಲ ಹಂತದಿಂದ ಹೊರಬರುವ ಒತ್ತಡ ನೋಡಿದ. ಸುಮಾರು 140 ಪಿಎಸ್‌ಐಗೆ ಬಂದು ಮುಳ್ಳು ಅಲ್ಲೇ ನಿಲ್ಲಬೇಕು. ನಿಲ್ಲದೆ ನಿಧಾನಕ್ಕೆ ಮೇಲೇರುತ್ತಿದ್ದರೆ ಸೀಟ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ. ನಾನು ಕೊಳದಲ್ಲಿ ಕೇಳಿದ ಸುಯ್ಯ್ ಸದ್ದಿನ ಮೂಲ ಅದೇ.

ಅವನು ಇನ್ನೊಂದು ಮಾತು ಹೇಳಿದ. ಸರ್ವಿಸ್ ಆಗಿದೆ ಅಂತ ನೇರವಾಗಿ ಆಳಕ್ಕೆ ಹೋಗಬೇಡ. ಹೊಸ ಸೀಟ್ ಕೂತು ಹೊಂದಿಕೊಳ್ಳೋಕೆ ಸಮಯ ಬೇಕು, ಜೋಡಿಸಿದವನೂ ಮನುಷ್ಯನೇ. ಮೊದಲು ಕಡಿಮೆ ನೀರಲ್ಲಿ ನೋಡು. ಶುಕ್ರವಾರ ಸಂಜೆ ಪ್ರೊಡಕ್ಷನ್ನಿಗೆ ಕೋಡ್ ಬಿಟ್ಟು ಮನೆಗೆ ಹೋಗಿ ಅನುಭವಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಟ್ಟದೇ ಇದ್ದದ್ದಕ್ಕಿಂತ ನಿನ್ನೆ ತಾನೇ ಮುಟ್ಟಿದ್ದು ಕೈಕೊಡೋದು ನಮ್ಮ ಕಸುಬಲ್ಲೂ ಇದ್ದದ್ದೇ.

ಹಳೆಯದು ಸರಿಯಾಗಿ ಓಡುತ್ತಿದ್ದರೆ ಸಾಕೇ ಅನ್ನೋದು ಮುಂದಿನ ಪ್ರಶ್ನೆ. ಆರಂಭದ ಮುಳುಗುಗಾರರಿಗೆ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ನೋಡುವ ಗೇಜ್ ಇರುತ್ತಿರಲಿಲ್ಲ. ಜೆ-ವಾಲ್ವ್ ಅಂತ ಇತ್ತು. ಒತ್ತಡ ಸುಮಾರು 300 ಪಿಎಸ್‌ಐಗೆ ಇಳಿದಾಗ ಉಸಿರೆಳೆಯೋದು ಕಷ್ಟವಾಗುತ್ತೆ. ಆಗ ಬೆನ್ನ ಹಿಂದಿನ ಸರಳು ಎಳೆದರೆ ಉಳಿದ ಗಾಳಿ ಬಿಡುತ್ತೆ, ಮೇಲೆ ಬರಬೇಕು. ನಮ್ಮ ಹಳೇ ಬೈಕಿನ ರಿಸರ್ವ್ ಥರ. ಬೈಕಲ್ಲಿ ರಿಸರ್ವಿಗೆ ಹಾಕಿದ್ದನ್ನು ಮರೆತು ನಡುದಾರಿಯಲ್ಲಿ ನಿಂತವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಆ ಸರಳೂ ಅಷ್ಟೇ, ಎಲ್ಲೋ ತಾಗಿ ಮೊದಲೇ ಕೆಳಗಿಳಿದಿದ್ದರೆ ರಿಸರ್ವ್ ಅನ್ನೋದೇ ಇಲ್ಲ. 1970ರ ದಶಕದಲ್ಲಿ ಗೇಜ್ ಎಲ್ಲರ ಕೈಗೆ ಬಂತು. ಜೊತೆಗಾರನಿಗೆ ಗಾಳಿ ಕೊಡೋಕೆ 'ಆಕ್ಟೋಪಸ್' ಎಂಬ ಎರಡನೇ ಬಾಯಿತುಂಡೂ ಸಾಮಾನ್ಯವಾಯಿತು. ನನ್ನ ಸೆಟ್ಟಿನಲ್ಲಿ ಗೇಜ್ ಇತ್ತು, ಆಕ್ಟೋಪಸ್ ಇರಲಿಲ್ಲ. ಅದನ್ನು ಹೊಸದಾಗಿ ಕೊಂಡೆ. ಹೋಸ್‌ಗಳನ್ನೂ ಕೇಳದೇ ಬದಲಾಯಿಸಿದೆ. ಒಳಗೆ ಎಷ್ಟು ಹಳತಾಗಿದೆ ಅಂತ ಹೊರಗಿಂದ ಕಾಣದ ವಸ್ತುವಿನಲ್ಲಿ ಉಳಿತಾಯ ಮಾಡಬಾರದು.

ಜಾಕೆಟ್ಟಿನದು ಸಣ್ಣ ಕಥೆ. ಬಾವಿಯಲ್ಲಿ ನನ್ನ ಸೋರೆ ಬುರುಡೆ ಮಾಡಿದ ಕೆಲಸವನ್ನೇ ಇದೂ ಮಾಡೋದು, ಒಂದೇ ವ್ಯತ್ಯಾಸ ಅಂದರೆ ಇದರ ಗಾಳಿಯನ್ನು ಬೇಕಾದಷ್ಟು ಹೆಚ್ಚು ಕಡಿಮೆ ಮಾಡಬಹುದು. 1961ರಲ್ಲಿ ಫ್ರಾನ್ಸಿನ ಫೆನ್ಜಿ ಕುತ್ತಿಗೆಗೆ ಹಾಕುವ ಗಾಳಿಚೀಲ ಮಾಡಿದ, 1971ರಲ್ಲಿ ಸ್ಕೂಬಾಪ್ರೋ ಕಂಪನಿ ಅದನ್ನು ತೋಳಿಲ್ಲದ ಕೋಟಿನ ಹಾಗೆ ಮಾಡಿತು. ನನ್ನದನ್ನು ಊದಿ ರಾತ್ರಿ ಬಿಟ್ಟೆ, ಬೆಳಗ್ಗೆ ಬಾಡಿದ ಬಾಳೆ ಎಲೆಯಂತೆ ಬಿದ್ದಿತ್ತು. ಅದಕ್ಕಿಂತ ಭಯ ಗಾಳಿ ತುಂಬುವ ಗುಂಡಿಯದ್ದು. ಉಪ್ಪು ಕಟ್ಟಿ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಳದಲ್ಲಿ ಅದು ಸಿಕ್ಕಿಕೊಂಡರೆ ಜಾಕೆಟ್ ಉಬ್ಬುತ್ತಲೇ ಹೋಗಿ ನಿಮ್ಮನ್ನು ಬಾಟಲಿಯ ಬಿರಡೆಯಂತೆ ಮೇಲಕ್ಕೆಸೆಯುತ್ತೆ, ಶ್ವಾಸಕೋಶಕ್ಕೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಗುಂಡಿ ಬದಲಿಸಬಹುದಿತ್ತು, ಆದರೆ ಒಳಚೀಲದ ಹೊಲಿಗೆಯೇ ಬಿಟ್ಟಿತ್ತು. ಜಾಕೆಟ್ ಕಸಕ್ಕೆ. ರಬ್ಬರಿನ ಮಾಸ್ಕೂ ಅದರ ಹಿಂದೆಯೇ. ಫಿನ್ ಮಾತ್ರ ಇನ್ನೂ ಇವೆ.

ಉಳಿದದ್ದು ಸಿಲಿಂಡರ್. ನನಗೆ ಚೀಲದಲ್ಲಿ ಎಲ್ಲಕ್ಕಿಂತ ಗಟ್ಟಿ ಅನ್ನಿಸಿದ್ದು ಅದೇ. ಗೀರು ಬಿಟ್ಟರೆ ಒಂದು ತಗ್ಗಿಲ್ಲ, ತುಕ್ಕಿಲ್ಲ. ಮೆಕ್ಯಾನಿಕ್ ಅದರ ಹೆಗಲ ಮೇಲೆ ಕೊರೆದಿದ್ದ ಅಂಕಿಗಳನ್ನು ಓದಿ, 1984 ಅಂತ ಕಂಡ ಕೂಡಲೇ ಕೈಬಿಟ್ಟ. "ಇದನ್ನು ನಾವು ತುಂಬಿಸಲ್ಲ. ಯಾರೂ ತುಂಬಿಸಬಾರದು."

ನಿಮ್ಮ ಮನೆಯ ಗ್ಯಾಸ್ ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಗಡೆ ಬಿ-27 ಅಂತಲೋ ಡಿ-28 ಅಂತಲೋ ಬರೆದಿರೋದು ನೋಡಿದ್ದೀರಾ? ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲಿನಿಂದ ಜೂನ್, ಹೀಗೆ. ಆ ವರ್ಷದ ಆ ಮೂರು ತಿಂಗಳೊಳಗೆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ಅರ್ಥ. ಸ್ಕೂಬಾ ಸಿಲಿಂಡರಿಗೂ ಹಾಗೆ ತಾರೀಖು ಕೊರೆದಿರುತ್ತಾರೆ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ. ಒಳಗೆ ನೀರು ತುಂಬಿ, 3000 ಪಿಎಸ್‌ಐ ಸಿಲಿಂಡರಿಗೆ 5000 ಪಿಎಸ್‌ಐ ಒತ್ತಡ ಹಾಕಿ, ಎಷ್ಟು ಹಿಗ್ಗಿತು, ಮತ್ತೆ ಎಷ್ಟು ಕುಗ್ಗಿತು ಅಂತ ಅಳೆಯುತ್ತಾರೆ. ಕಾರಿನ ಟೈರಿಗೆ ನಾವು ಹಾಕೋದು ಮೂವತ್ತೆರಡೋ ಮೂವತ್ತೈದೋ ಪಿಎಸ್‌ಐ. ಇಲ್ಲಿ 3000. ಹಾಗಾಗಿ ಸಿಲಿಂಡರ್ ಒಡೆಯಿತು ಅಂದರೆ ಅದು ಪಂಕ್ಚರ್ ಅಲ್ಲ, ಬಾಂಬು.

1984ರದ್ದು ಯಾಕೆ ಬೇಡ? 1970ರ ದಶಕದಿಂದ ಅಮೆರಿಕದಲ್ಲಿ ಅಲ್ಯೂಮಿನಿಯಂ ಸಿಲಿಂಡರುಗಳು ಜನಪ್ರಿಯವಾದವು. ಅದರಲ್ಲಿ ಬಹಳಷ್ಟು 6351 ಎಂಬ ಮಿಶ್ರಲೋಹದವು. ಹಲವು ವರ್ಷಗಳ ನಂತರ ಗೊತ್ತಾದದ್ದೇನೆಂದರೆ, ಸಿಲಿಂಡರನ್ನು ತುಂಬಿಸಿ ಸುಮ್ಮನೆ ಇಟ್ಟಿದ್ದರೂ, ವಾಲ್ವ್ ತಿರುಗಿಸಿ ಕೂರಿಸುವ ಕುತ್ತಿಗೆಯ ಭಾಗದಲ್ಲಿ ಈ ಲೋಹಕ್ಕೆ ನಿಧಾನವಾಗಿ ಬಿರುಕು ಬೆಳೆಯುತ್ತೆ. ಎಲ್ಲಕ್ಕೂ ಅಲ್ಲ, ಕೆಲವಕ್ಕೆ. 1990ರ ದಶಕದಲ್ಲಿ ಅಂಥ ಕೆಲವು ಸಿಲಿಂಡರುಗಳು ಗಾಳಿ ತುಂಬಿಸುವಾಗಲೇ ಸಿಡಿದು, ತುಂಬಿಸುತ್ತಿದ್ದವರು ಗಂಭೀರವಾಗಿ ಗಾಯಗೊಂಡರು. ಅಷ್ಟರಲ್ಲಿ, 1988-89ರ ಹೊತ್ತಿಗೇ, ಅಲ್ಲಿನ ತಯಾರಕರು 6061 ಎಂಬ ಬೇರೆ ಮಿಶ್ರಲೋಹಕ್ಕೆ ಬದಲಾಗಿದ್ದರು. ಆದರೆ ಅದಕ್ಕೂ ಮುಂಚೆ ಮಾರಿದ್ದು ಮನೆಮನೆಯ ಗ್ಯಾರೇಜಿನಲ್ಲಿ ಕೂತಿತ್ತಲ್ಲ! ನೀರಿನ ಪರೀಕ್ಷೆ ಒಂದರಿಂದಲೇ ಆ ಬಿರುಕು ಸಿಕ್ಕೀತು ಅನ್ನುವ ಹಾಗಿಲ್ಲ. ಅದಕ್ಕೇ 2007ರಿಂದ 6351ರ ಸಿಲಿಂಡರಿಗೆ ವಿದ್ಯುತ್ ಸುರುಳಿಯಿಂದ ಕುತ್ತಿಗೆಯನ್ನು ತಡಕಿ ನೋಡುವ ಎಡ್ಡಿ ಕರೆಂಟ್ ಪರೀಕ್ಷೆಯನ್ನೂ ಅಮೆರಿಕ ಸರ್ಕಾರ ಕಡ್ಡಾಯ ಮಾಡಿತು. ಕಾನೂನು ಪರೀಕ್ಷೆ ಮಾಡಿಸಿ ಬಳಸಿ ಅನ್ನುತ್ತೆ. ಅನೇಕ ಅಂಗಡಿಗಳು ಅದೂ ಬೇಡ ಅನ್ನುತ್ತವೆ, ಯಾಕೆಂದರೆ ತುಂಬಿಸುವಾಗ ಪಕ್ಕದಲ್ಲಿ ನಿಲ್ಲೋದು ಅವರ ಹುಡುಗ.

ಇದಕ್ಕಿಂತ ಸ್ವಾರಸ್ಯ ಏನು ಗೊತ್ತಾ? ಅದೇ ಅಂಗಡಿಯ ಮೂಲೆಯಲ್ಲಿ 1960ರ ದಶಕದ ಉಕ್ಕಿನ ಸಿಲಿಂಡರೊಂದು ತುಂಬಿಸಿಕೊಳ್ಳೋಕೆ ಕಾದು ನಿಂತಿತ್ತು. ಹೊರಗೆಲ್ಲ ಬಣ್ಣ ಕಿತ್ತುಹೋಗಿ ನೋಡೋಕೆ ಅನಾಥ. ಆದರೆ ಹೆಗಲ ಮೇಲೆ ಐದೈದು ವರ್ಷದ ಪರೀಕ್ಷೆಯ ಮುದ್ರೆಗಳು ಸಾಲಾಗಿದ್ದವು. ಒಳಗೆ ತೇವ ಬಿಡದೆ, ತುಕ್ಕು ಹಿಡಿಯದಂತೆ ನೋಡಿಕೊಂಡರೆ ಉಕ್ಕು ಅಷ್ಟು ಬಾಳುತ್ತೆ. ಇಪ್ಪತ್ತು ವರ್ಷ ಚಿಕ್ಕದಾದ ನನ್ನದು ಗುಜರಿಗೆ, ಅದು ಸಮುದ್ರಕ್ಕೆ. ಮತ್ತೆ ಯಾರೂ ತುಂಬಿಸದಂತೆ ನನ್ನ ಸಿಲಿಂಡರಿಗೆ ತೂತು ಕೊರೆಸಿ ಗುಜರಿಗೆ ಕೊಟ್ಟೆ. ಗ್ಯಾರೇಜ್ ಸೇಲಿನಲ್ಲಿ ಮತ್ತೆ ಮಾರಿ 20 ಡಾಲರ್ ವಾಪಸ್ ಮಾಡಿಕೊಳ್ಳಬಹುದು ಅನ್ನೋ ಯೋಚನೆ ಬಂದಿರಲಿಲ್ಲ ಅಂತ ಸುಳ್ಳು ಹೇಳಲಾರೆ.

ಲೆಕ್ಕ ಹಾಕಿದರೆ ಸರ್ವಿಸ್, ಹೋಸ್, ಆಕ್ಟೋಪಸ್ ಎಲ್ಲಾ ಸೇರಿ ಹೊಸ ಸಾಧಾರಣ ರೆಗ್ಯುಲೇಟರಿನ ಮುಕ್ಕಾಲು ಪಾಲು ದುಡ್ಡು ಖರ್ಚಾಗಿತ್ತು. ಆದರೂ ನನಗೆ ಸಮಾಧಾನವಿತ್ತು. ಕಣ್ಣೆದುರೇ ಬಿಚ್ಚಿ ಕೂರಿಸಿದ ಯಂತ್ರ, ಪ್ರತಿ ತಿರುಪೂ ಗೊತ್ತು. ಮೊದಲು ಕೊಳದಲ್ಲಿ, ಆಮೇಲೆ 5 ಮೀಟರಿನಲ್ಲಿ, ಆಮೇಲೆ ಮಾಂಟೆರೆಯ ಚಳಿ ನೀರಿನಲ್ಲಿ ಕೆಲ್ಪ್ ಕಾಡಿನ ನಡುವೆ 18 ಮೀಟರಿನಲ್ಲಿ. ಒಂದೇ ಒಂದು ಸಲ ಕೈಕೊಡಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ವಾಷರ್ ಸಿಗುತ್ತೆ ಅಂತ.

ಆಮೇಲೆ ಬೆಂಗಳೂರಿಗೆ ವಾಪಸ್ ಬಂದೆ. ಎರಡು ಸರ್ವಿಸಿಗೆ ಆಗುವಷ್ಟು ಬಿಡಿಭಾಗ ಕಟ್ಟಿಸಿಕೊಂಡೇ ಬಂದಿದ್ದೆ. ಹೊಸ ರೆಗ್ಯುಲೇಟರುಗಳಿಗೆ ಕೆಲವು ಕಂಪನಿಗಳು ಎರಡು ವರ್ಷ ಅಥವಾ 100 ಡೈವ್ ಅಂತ ಗಡುವು ಕೊಡುತ್ತವೆ, ನಾನು ಹಳೆಯದಲ್ಲವಾ ಅಂತ ವರ್ಷಕ್ಕೊಮ್ಮೆ ಇಟ್ಟುಕೊಂಡಿದ್ದೆ. ಮೊದಲ ವರ್ಷ ಕರಾವಳಿಯ ಒಬ್ಬ ಮೆಕ್ಯಾನಿಕ್ ಮಾಡಿಕೊಟ್ಟ. "ಸಾರ್, ಈ ಮಾಡೆಲ್ ನಾನು ಬಿಚ್ಚಿದ್ದು ಇದೇ ಫಸ್ಟು" ಅಂದ. ಪ್ರಾಮಾಣಿಕ ಹುಡುಗ. ಎರಡನೇ ವರ್ಷವೂ ಹೇಗೋ ಆಯಿತು. ಮೂರನೇ ವರ್ಷ ಬಿಡಿಭಾಗ ಮುಗಿದಿತ್ತು. ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ಸೀಟ್ ಬರಲಿ ಅಂತ ನಾಲ್ಕು ತಿಂಗಳು ಕಾದೆ. ಕಾಯುತ್ತಿದ್ದಾಗಲೇ ನೇತ್ರಾಣಿಗೆ ಹೋಗುವ ಅವಕಾಶ ಬಂತು. ಹಿಂದಿನ ರಾತ್ರಿ ರೆಗ್ಯುಲೇಟರ್ ಕೈಯಲ್ಲಿ ಹಿಡಿದು, ಇನ್ನೊಂದು ಸಲ ಆಗುತ್ತೆ ಬಿಡು, ಚೆನ್ನಾಗೇ ಇದೆಯಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿರುವುದು ಗಮನಕ್ಕೆ ಬಂತು. ಮೂರು ವರ್ಷದ ಹಿಂದೆ ಎಂಟು ಅಡಿ ಕೊಳದಲ್ಲಿ ಹೇಳಿದ್ದ ಮಾತೇ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಬಾಡಿಗೆಯದ್ದನ್ನು ಹಾಕಿಕೊಂಡೆ.

ಅದರ ಮುಂದಿನ ತಿಂಗಳು ಹೊಸದು ಕೊಂಡೆ. ಯಾವ ಮಾಡೆಲ್ ಅಂತ ರಿವ್ಯೂ ನೋಡಿ ಆರಿಸಲಿಲ್ಲ. ಆ ಕರಾವಳಿಯ ಹುಡುಗನಿಗೆ ಫೋನ್ ಮಾಡಿ, "ನೀನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸೋದು ಯಾವುದು? ಯಾವುದರ ಕಿಟ್ ನಿನ್ನ ಹತ್ತಿರ ಯಾವಾಗಲೂ ಇರುತ್ತೆ?" ಅಂತ ಕೇಳಿದೆ. ಅವನು ಹೇಳಿದ್ದನ್ನು ತಗೊಂಡೆ.

ಕಾನ್‌ಶೆಲ್ಫ್ ಗುಜರಿಗೆ ಹೋಗಲಿಲ್ಲ. ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಆನ್‌ಸೈಟಿಗೆ ಹೊರಟಿದ್ದ ಟೀಮಿನ ಹುಡುಗನ ಕೈಯಲ್ಲಿ, ಕೊಳ ಇದ್ದ ನನ್ನ ಹಳೇ ಸಹೋದ್ಯೋಗಿಗೆ ಕಳಿಸಿದೆ. ಅದೇ ಅಂಗಡಿಯ ಅದೇ ಮೆಕ್ಯಾನಿಕ್ ಅದಕ್ಕೆ ಹೊಸ ಸೀಟ್ ಹಾಕಿಕೊಟ್ಟ ಅಂತ ಫೋಟೋ ಬಂತು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ವಯಸ್ಸಾಗಿಲ್ಲ, ಬೆಂಗಳೂರಲ್ಲಿ ಆಗಿತ್ತು. ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಏನೂ ಆಶ್ಚರ್ಯ ಆಗಲಿಲ್ಲ. ವೈಂಡಿಂಗ್ ಕಟ್ಟುತ್ತಿದ್ದವನು ತಿಪಟೂರು ಬಿಟ್ಟು ತುಮಕೂರಿಗೆ ಹೋಗಿದ್ದಾನಂತೆ, ಈ ಸಲ ಮೋಟರ್ ಸುಟ್ಟರೆ ಹೊಸದೇ ತರೋದು ಅಂತ ಅವರೂ ತೀರ್ಮಾನ ಮಾಡಿದ್ದರು.